ಹಳೆಯ ಬೇಸ್‌ಬಾಲ್ ಕಾರ್ಡು ಸಂಗ್ರಹಿಸುವುದು ಹೇಗೆ: ಮೊದಲ ಕಾರ್ಡಿನಿಂದ ಹರಾಜಿನವರೆಗೆ

2022ರ ಆಗಸ್ಟ್‌ನಲ್ಲಿ ಹೆರಿಟೇಜ್ ಆಕ್ಷನ್ಸ್ ನಡೆಸಿದ ಹರಾಜಿನಲ್ಲಿ ಅಂಗೈಯಗಲದ ಒಂದು ರಟ್ಟಿನ ತುಂಡು 1 ಕೋಟಿ 26 ಲಕ್ಷ ಡಾಲರ್‌ಗೆ ಹೋಯಿತು. 1952ರಲ್ಲಿ ಟಾಪ್ಸ್ ಕಂಪನಿ ಬಬಲ್‌ಗಮ್ ಜೊತೆ ಕೊಟ್ಟ, ಬೇಸ್‌ಬಾಲ್ ತಾರೆ ಮಿಕ್ಕಿ ಮ್ಯಾಂಟಲ್‌ನ ಚಿತ್ರವಿರುವ ಕಾರ್ಡು ಅದು. ಮಾರಿದವರು 1991ರಲ್ಲಿ ಅದನ್ನು 50,000 ಡಾಲರ್ ಕೊಟ್ಟು ಕೊಂಡಿದ್ದರು. ಇಂಥ ಸುದ್ದಿ ಬಂದಾಗೆಲ್ಲ ಅಮೆರಿಕದಲ್ಲಿರುವ ನಮ್ಮವರೂ ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ಕಾರ್ಡಿನ ಡಬ್ಬ ತೆರೆದು ಫೋಟೋ ತೆಗೆದು ಕಳಿಸುತ್ತಾರೆ. "ಇದಕ್ಕೆಷ್ಟು ಬರಬಹುದು?" ಅಂತ ಪ್ರಶ್ನೆ. ಡಬ್ಬದಲ್ಲಿರುವುದು 1988, 1990ರ ಕಾರ್ಡುಗಳಾದರೆ ಉತ್ತರ ಬೇಸರದ್ದೇ. ಆ ಕಾಲದಲ್ಲಿ ಎಲ್ಲರೂ ಕಾರ್ಡು ಕೂಡಿಡುತ್ತಿದ್ದರು, ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಇವತ್ತು ಅವುಗಳಲ್ಲಿ ಬಹುಪಾಲಿಗೆ ಅಂಚೆ ಖರ್ಚಿನಷ್ಟೂ ಬೆಲೆಯಿಲ್ಲ.

ಈ ಬರಹ ನಿಜವಾಗಿ ಹಳೆಯದಾದ ಕಾರ್ಡುಗಳ ಬಗ್ಗೆ. ಕೋಟಿ ಡಾಲರ್ ಇಲ್ಲದವರೂ ಇದಕ್ಕೆ ಇಳಿಯಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ದುಡ್ಡಿಗಿಂತ ಮೊದಲು ಕಣ್ಣು ಬೇಕು. ಮೂಲೆ ಸವೆದ, ಅಗ್ಗದ, ಆದರೆ ಅಸಲಿ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ನೋಡಿ ಪಳಗದೆ ದುಬಾರಿ ಕಾರ್ಡಿಗೆ ಕೈಹಾಕಬೇಡಿ. ಕೆಳಗಿನ ಹೆಜ್ಜೆಗಳ ಕ್ರಮವೂ ಅದೇ ಲೆಕ್ಕದಲ್ಲಿದೆ.

1. ಯಾವ ಕಾಲದ್ದು ಅಂತ ಗುರುತಿಸಲು ಕಲಿಯಿರಿ

ಮೊದಲ ಕಾರ್ಡುಗಳು ಮಕ್ಕಳಿಗಾಗಿ ಹುಟ್ಟಿದವಲ್ಲ. 1880ರ ದಶಕದಲ್ಲಿ ಸಿಗರೇಟು ಪ್ಯಾಕಿನೊಳಗೆ ಗಟ್ಟಿ ರಟ್ಟೊಂದನ್ನು ಇಡುತ್ತಿದ್ದರು, ಸಿಗರೇಟು ಮುರಿಯದಿರಲಿ ಅಂತ. ಅದರ ಮೇಲೆ ಆಟಗಾರನ ಚಿತ್ರ ಹಾಕಿದರೆ ಜಾಹೀರಾತೂ ಆಯಿತು. ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ 1886ರಿಂದ 1890ರವರೆಗೆ ಹೊರಡಿಸಿದ 'ಓಲ್ಡ್ ಜಡ್ಜ್' ಕಾರ್ಡುಗಳಲ್ಲಿ ಇರುವುದು ಸ್ಟುಡಿಯೋದಲ್ಲಿ ತೆಗೆದ ಫೋಟೋಗಳು. ಅಂದಿನ ಕ್ಯಾಮೆರಾಕ್ಕೆ ಓಡುವ ಚೆಂಡನ್ನು ಹಿಡಿಯಲು ಆಗುತ್ತಿರಲಿಲ್ಲ. ಹಾಗಾಗಿ ಚೆಂಡನ್ನು ದಾರದಲ್ಲಿ ಮೇಲಿನಿಂದ ಇಳಿಬಿಟ್ಟು, ಆಟಗಾರ ಅದನ್ನು ಹಿಡಿಯುವಂತೆ ನಿಲ್ಲಿಸುತ್ತಿದ್ದರು. ಕೆಲವು ಕಾರ್ಡುಗಳಲ್ಲಿ ಆ ದಾರ ಈಗಲೂ ಕಾಣುತ್ತದೆ.

ಆಮೇಲೆ 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯ ಬಿಳಿ ಅಂಚಿನ ಕಾರ್ಡುಗಳು ಬಂದವು. 1914 ಮತ್ತು 1915ರಲ್ಲಿ ಕ್ರ್ಯಾಕರ್ ಜ್ಯಾಕ್ ತಿಂಡಿಯ ಡಬ್ಬದಲ್ಲಿ ಕೆಂಪು ಹಿನ್ನೆಲೆಯ ಕಾರ್ಡುಗಳು ಬಂದವು. ತಿಂಡಿಯ ಸಕ್ಕರೆ ಪಾಕ ಅಂಟಿ ಕಲೆಯಾದವೇ ಜಾಸ್ತಿ. 1933ರಲ್ಲಿ ಬಾಸ್ಟನ್‌ನ ಗೌಡಿ ಕಂಪನಿ ಬಬಲ್‌ಗಮ್ ಜೊತೆ 240 ಕಾರ್ಡುಗಳ ಸೆಟ್ ತಂದಿತು. ಅದರಲ್ಲಿ ಆ ಕಾಲದ ದಿಗ್ಗಜ ಆಟಗಾರ ಬೇಬ್ ರೂತ್‌ಗೆ ನಾಲ್ಕು ಕಾರ್ಡು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಬೋಮನ್ ಬಂತು. ಹಿಂದೆಯೇ ಟಾಪ್ಸ್ ಬಂತು. 1956ರಲ್ಲಿ ಟಾಪ್ಸ್ ಬೋಮನ್ ಕಂಪನಿಯನ್ನೇ ಕೊಂಡುಕೊಂಡಿತು. ಅಲ್ಲಿಂದ 1980ರವರೆಗೆ ಅದರದ್ದೇ ದರ್ಬಾರು. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಕಣಕ್ಕಿಳಿದವು. ಸಂಗ್ರಾಹಕರು 'ವಿಂಟೇಜ್', ಅಂದರೆ ನಿಜವಾಗಿ ಹಳೆಯದು, ಅನ್ನುವ ಗೆರೆಯನ್ನು ಸಾಮಾನ್ಯವಾಗಿ ಅಲ್ಲೇ ಎಳೆಯುತ್ತಾರೆ.

ಸೆಟ್‌ಗಳ ಹೆಸರಿನ ಮುಂದೆ ಕಾಣುವ ಎನ್, ಟಿ, ಇ, ಆರ್ ಅಕ್ಷರಗಳ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನವನು. ಕಾರ್ಖಾನೆಯಲ್ಲಿ ಕೆಲಸ, ಕೀಲುವಾತದಿಂದ ಸೆಟೆದುಕೊಂಡ ಕೈಗಳು. ಅಂಥವನು ಅಮೆರಿಕದ ಕಾರ್ಡುಗಳನ್ನೆಲ್ಲ ಪಟ್ಟಿಮಾಡಿದ. 19ನೇ ಶತಮಾನದ ತಂಬಾಕಿನವಕ್ಕೆ ಎನ್, 20ನೇ ಶತಮಾನದ ತಂಬಾಕಿನವಕ್ಕೆ ಟಿ, ಮೊದಲ ಕಾಲದ ಮಿಠಾಯಿ ಕಾರ್ಡುಗಳಿಗೆ ಇ, ನಂತರದ ಮಿಠಾಯಿ ಮತ್ತು ಗಮ್ ಕಾರ್ಡುಗಳಿಗೆ ಆರ್. ತನ್ನ 3 ಲಕ್ಷಕ್ಕೂ ಮೀರಿದ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟ. ಅಲ್ಲೇ ಕೂತು ತಾನೇ ಆಲ್ಬಮ್‌ಗಳಿಗೆ ಅಂಟಿಸಿದ. 1963ರಲ್ಲಿ ಆ ಕೆಲಸ ಮುಗಿಸಿದ, ಕೆಲವೇ ವಾರಗಳಲ್ಲಿ ತೀರಿಕೊಂಡ. ಕಾರ್ಡಿಗೆ ಗೋಂದು ಹಚ್ಚುವುದೆಂದರೆ ಇವತ್ತಿನ ಸಂಗ್ರಾಹಕರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಈ ಹವ್ಯಾಸದ ಪಿತಾಮಹನೇ ಸಾವಿರಗಟ್ಟಲೆ ಕಾರ್ಡಿಗೆ ಗೋಂದು ಹಚ್ಚಿದವನು!

2. ಒಂದೇ ಸೆಟ್ ಆರಿಸಿಕೊಳ್ಳಿ

ಕಂಡದ್ದನ್ನೆಲ್ಲ ಕೊಂಡರೆ ಯಾವುದೂ ಗೊತ್ತಾಗುವುದಿಲ್ಲ. ಒಂದು ಸೆಟ್, ಒಂದು ತಂಡ ಅಥವಾ ಒಬ್ಬ ಆಟಗಾರ, ಯಾವುದಾದರೂ ಒಂದನ್ನು ಹಿಡಿಯಿರಿ. ಸ್ಯಾನ್ ಫ್ರಾನ್ಸಿಸ್ಕೋದ ಬೇ ಏರಿಯಾದಲ್ಲಿ ಇದ್ದು ಮಕ್ಕಳ ಜೊತೆ ಜೈಂಟ್ಸ್ ಪಂದ್ಯ ನೋಡುತ್ತೀರಾ? ಆ ತಂಡ 1958ಕ್ಕೆ ಮೊದಲು ನ್ಯೂಯಾರ್ಕಿನದು. ಈಗ ಲಾಸ್ ಏಂಜಲೀಸ್‌ನಲ್ಲಿರುವ ಡಾಡ್ಜರ್ಸ್ ತಂಡ ಆಗ ಬ್ರೂಕ್ಲಿನ್‌ನಲ್ಲಿತ್ತು. ಅಂಥ ಹಳೆಯ ಊರಿನ ಹೆಸರಿರುವ ಕಾರ್ಡುಗಳನ್ನೇ ಹುಡುಕುವವರಿದ್ದಾರೆ.

ನನ್ನನ್ನು ಕೇಳಿದರೆ ಹೊಸಬರಿಗೆ ಎರಡು ದಾರಿ ಒಳ್ಳೆಯದು. ಒಂದು, 1957ರಿಂದ 1960ರ ದಶಕದ ಟಾಪ್ಸ್. 1957ರಲ್ಲಿ ಟಾಪ್ಸ್ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ ಅಂತ ನಿಂತಿತು. ಇವತ್ತಿನವರೆಗೂ ಅದೇ ಅಳತೆ. ಹಾಗಾಗಿ ಕವರು, ಡಬ್ಬ ಎಲ್ಲವೂ ಸುಲಭವಾಗಿ ಸಿಗುತ್ತವೆ. ಅಷ್ಟೇನೂ ಹೆಸರಿಲ್ಲದ ಆಟಗಾರರ ಸವೆದ ಕಾರ್ಡುಗಳು, ಅಂದರೆ 'ಕಾಮನ್'ಗಳು, ಕೆಲವೇ ಡಾಲರ್‌ಗೆ ಬರುತ್ತವೆ.

ಎರಡನೆಯದು ಟಿ206. 1909-11ರ ಆ ಬಿಳಿ ಅಂಚಿನ ತಂಬಾಕು ಕಾರ್ಡಿಗೆ ಬರ್ಡಿಕ್ ಕೊಟ್ಟ ಸಂಖ್ಯೆ ಇದು. ಒಟ್ಟು 524 ಕಾರ್ಡು. ಇದನ್ನು ಪೂರ್ತಿ ಮಾಡುವುದು ಎಷ್ಟು ಕಷ್ಟವೆಂದರೆ ಸಂಗ್ರಾಹಕರು ಇದನ್ನು 'ಮಾನ್‌ಸ್ಟರ್' ಅಂತಲೇ ಕರೆಯುತ್ತಾರೆ. ಆದರೆ ಇದರ ಕಾಮನ್‌ಗಳು ಇನ್ನೂ ಧಾರಾಳವಾಗಿ ಸಿಗುತ್ತವೆ, ಕಣ್ಣು ಪಳಗಿಸಲು ಇದಕ್ಕಿಂತ ಒಳ್ಳೆಯ ಸೆಟ್ ಇಲ್ಲ. ಪೂರ್ತಿ ಮಾಡುವ ಹಟ ಬೇಡ. ನೂರು ವರ್ಷ ದಾಟಿದ ಅಸಲಿ ಕಾರ್ಡೊಂದು ಕೈಗೆ ಬಂದರೆ ಸಾಕು, ಮುಂದಿನ ಪಾಠ ಅದೇ ಹೇಳಿಕೊಡುತ್ತದೆ.

3. ಅಗ್ಗದ ಅಸಲಿ ಕಾರ್ಡಿನ ಮೇಲೆ ಕಣ್ಣು ಪಳಗಿಸಿ

ಇದು ಈ ಬರಹದ ಮುಖ್ಯ ಹೆಜ್ಜೆ. ನಾಲ್ಕೈದು ಟಿ206 ಕಾಮನ್‌ಗಳನ್ನು ಒಳ್ಳೆಯ ಹೆಸರಿರುವ ವ್ಯಾಪಾರಿಯಿಂದ ಕೊಳ್ಳಿ. ಮಡಿಕೆ ಬಿದ್ದಿರಲಿ, ಮೂಲೆ ದುಂಡಗಾಗಿರಲಿ, ಪರವಾಗಿಲ್ಲ. ಜೊತೆಗೆ ಅದೇ ಕಾರ್ಡಿನ ಹೊಸ ಮರುಮುದ್ರಣವೊಂದನ್ನೂ ಒಂದೆರಡು ಡಾಲರ್‌ಗೆ ತರಿಸಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಸಣ್ಣ ಅಲ್ಟ್ರಾವೈಲೆಟ್ ಟಾರ್ಚು, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಇಷ್ಟು ಇದ್ದರೆ ಸಾಕು. ಕೈ ಒಣಗಿರಲಿ.

ಮೊದಲು ಕಾರ್ಡಿನ ಕೆಳಗಿನ ಅಂಚು ನೋಡಿ. ಅಲ್ಲಿ ಆಟಗಾರನ ಸರ್‌ನೇಮ್, ಪಕ್ಕದಲ್ಲಿ ಊರು, ಕಂದು ಶಾಯಿಯಲ್ಲಿ ಅಚ್ಚಾಗಿರುತ್ತದೆ. ಭೂತಗನ್ನಡಿ ಹಿಡಿದರೆ ಅಸಲಿ ಕಾರ್ಡಿನ ಅಕ್ಷರ ಒಂದೇ ಬಣ್ಣದ ಗಟ್ಟಿ ಗೆರೆ. ಅಂಚಲ್ಲಿ ಸ್ವಲ್ಪ ಒರಟು ಇರಬಹುದು, ಆದರೆ ಒಡೆದಿರುವುದಿಲ್ಲ. ಈಗ ಮರುಮುದ್ರಣದ ಅದೇ ಅಕ್ಷರ ನೋಡಿ. ಸಾಮಾನ್ಯವಾಗಿ ಅದು ನೀಲಿ, ಗುಲಾಬಿ, ಹಳದಿ ಚುಕ್ಕೆಗಳಾಗಿ ಒಡೆದುಹೋಗಿರುತ್ತದೆ. ಕಾರಣ ಸರಳ. ಅಂದಿನವರು ಒಂದೊಂದು ಬಣ್ಣಕ್ಕೂ ಬೇರೆ ಬೇರೆಯಾಗಿ ಅಚ್ಚು ಹಾಕುತ್ತಿದ್ದರು, ಅಕ್ಷರಕ್ಕೆ ಕಂದು ಶಾಯಿಯೇ ಬೇರೆ. ಮರುಮುದ್ರಣ ಮಾಡುವವರು ಇಡೀ ಕಾರ್ಡಿನ ಫೋಟೋ ತೆಗೆದು ನಾಲ್ಕು ಬಣ್ಣದ ಚುಕ್ಕೆಗಳಲ್ಲಿ ಅಚ್ಚು ಮಾಡುತ್ತಾರೆ. ಮುಖ, ಆಕಾಶ, ಅಂಗಿ ನೋಡಿದರೆ ಅಸಲಿಯಲ್ಲೂ ಚುಕ್ಕೆ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಅಕ್ಷರ ಮತ್ತು ಚಿತ್ರದ ಸುತ್ತಲಿನ ಚೌಕಟ್ಟಿನ ಗೆರೆ, ಇವೆರಡನ್ನೇ ನಂಬಿ.

ಆಮೇಲೆ ಕೋಣೆ ಕತ್ತಲು ಮಾಡಿ ಅಲ್ಟ್ರಾವೈಲೆಟ್ ಟಾರ್ಚು ಹಾಕಿ. ಕಾಗದ ಬೆಳ್ಳಗೆ ಕಾಣಲಿ ಅಂತ ಹೊಳಪಿನ ರಾಸಾಯನಿಕ ಬೆರೆಸುವುದು ಶುರುವಾದದ್ದು ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ. ಹಾಗಾಗಿ 1910ರ ಕಾರ್ಡು ಈ ಬೆಳಕಿನಲ್ಲಿ ಮಂಕಾಗಿಯೇ ಇರಬೇಕು. ನೀಲಿಯಾಗಿ ಝಗ್ಗೆಂದರೆ ಆ ರಟ್ಟು ಹೊಸದು. ಆದರೆ ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಅಂತ ಅಲ್ಲ. ಹೊಳಪು ಬೆರೆಸದ ಕಾಗದ ಇವತ್ತೂ ಸಿಗುತ್ತದೆ, ಮೋಸಗಾರರಿಗೂ ಈ ವಿಷಯ ಗೊತ್ತು.

ಮೂರನೆಯದು ಅಳತೆ. ಟಿ206 ಸುಮಾರು 36.5 ಮಿ.ಮೀ. ಅಗಲ, 66.7 ಮಿ.ಮೀ. ಉದ್ದ. ಕಾರ್ಖಾನೆಯಲ್ಲೇ ಸ್ವಲ್ಪ ಹೆಚ್ಚುಕಮ್ಮಿ ಕತ್ತರಿಸಿದ್ದೂ ಉಂಟು. ಹಿಂಬದಿಯಲ್ಲಿ 'ಅಮೆರಿಕನ್ ಬ್ಯೂಟಿ' ಅಂತ ಇದ್ದರೆ ಕಾರ್ಡು ಕಿರಿದಾಗಿಯೇ ಇರುತ್ತದೆ. ಇದು ಗೊತ್ತಿಲ್ಲದವರು ಯಾರೋ ಕತ್ತರಿ ಹಾಕಿದ್ದಾರೆ ಅಂತ ಒಳ್ಳೆಯ ಕಾರ್ಡು ಬಿಟ್ಟುಬಿಡುತ್ತಾರೆ. 'ಪೋಲಾರ್ ಬೇರ್' ಹಿಂಬದಿಯದು ಸಿಗರೇಟು ಪ್ಯಾಕಿನಿಂದ ಬಂದದ್ದೇ ಅಲ್ಲ, ಬಿಡಿ ತಂಬಾಕಿನ ಪೊಟ್ಟಣದಿಂದ ಬಂದದ್ದು. ಅದರ ಮೇಲೆ ಕಂದು ಕಲೆ ಇದ್ದರೆ ಆಶ್ಚರ್ಯವಿಲ್ಲ.

ಕೊನೆಗೆ ಸುಮ್ನೆ ಕೈಯಲ್ಲಿ ಹಿಡಿದುಕೊಳ್ಳಿ. ರಟ್ಟಿನ ದಪ್ಪ, ಅಂಚಿನ ಒರಟು, ಮೇಲ್ಮೈಯ ನಯ, ಬೆರಳಿಗೆ ಇವು ಅಭ್ಯಾಸವಾಗಬೇಕು. ಅಕ್ಕಿ ಮಂಡಿಯವನು ಒಂದು ಹಿಡಿ ಅಕ್ಕಿ ತೆಗೆದುಕೊಂಡು ಉಜ್ಜಿ ನೋಡಿ ಹಳೇ ಅಕ್ಕಿಯೋ ಹೊಸದೋ ಹೇಳಿಬಿಡುತ್ತಾನಲ್ಲ, ಇದೂ ಅಂಥದ್ದೇ ವಿದ್ಯೆ.

4. ಯಾವುದು ಅಪರೂಪ, ಯಾಕೆ ಅಪರೂಪ?

ಟಿ206ರ ಹೋನಸ್ ವ್ಯಾಗ್ನರ್ ಕಾರ್ಡಿನ ಹೆಸರು ಬೇಸ್‌ಬಾಲ್ ಗೊತ್ತಿಲ್ಲದವರೂ ಕೇಳಿರುತ್ತಾರೆ. ವ್ಯಾಗ್ನರ್ ಪಿಟ್ಸ್‌ಬರ್ಗ್ ಪೈರೇಟ್ಸ್ ಆಟಗಾರ. 2008ರಲ್ಲಿ ನಮ್ಮ ದೇಶದ ಹುಡುಗರಾದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ), ದಿನೇಶ್ ಪಟೇಲ್ ಇಬ್ಬರನ್ನೂ ಸೇರಿಸಿಕೊಂಡ ತಂಡವೂ ಅದೇ. ತನ್ನ ಚಿತ್ರ ಹಾಕುವುದಕ್ಕೆ ವ್ಯಾಗ್ನರ್ ಒಪ್ಪಲಿಲ್ಲ, ಅಚ್ಚು ನಿಂತುಹೋಯಿತು. ಮಕ್ಕಳು ಕಾರ್ಡಿಗಾಗಿ ತಂಬಾಕು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ ಅನ್ನುವವರಿದ್ದಾರೆ, ದುಡ್ಡಿನ ತಕರಾರು ಅನ್ನುವವರೂ ಇದ್ದಾರೆ. ಇವತ್ತು ಗೊತ್ತಿರುವುದು ಸುಮಾರು 60 ಕಾರ್ಡು ಅಷ್ಟೇ. 2021ರಲ್ಲಿ ಒಂದು 66 ಲಕ್ಷ ಡಾಲರ್‌ಗೆ, ಮರುವರ್ಷ ಇನ್ನೊಂದು 72.5 ಲಕ್ಷ ಡಾಲರ್‌ಗೆ ಹೋಯಿತು. ಎರಡೂ ಚೆನ್ನಾಗಿ ಸವೆದ ಕಾರ್ಡುಗಳೇ.

ಅಚ್ಚಿನ ತಪ್ಪಿನಿಂದ ಅಪರೂಪವಾದವೂ ಇವೆ. ಜೋ ಡಾಯ್ಲ್ ಆಡುತ್ತಿದ್ದದ್ದು ಅಮೆರಿಕನ್ ಲೀಗ್‌ನ ನ್ಯೂಯಾರ್ಕ್ ತಂಡಕ್ಕೆ. ಕೆಲವು ಕಾರ್ಡುಗಳಲ್ಲಿ ತಪ್ಪಾಗಿ ನ್ಯಾಷನಲ್ ಲೀಗ್ ಅಂತ ಅಚ್ಚಾಯಿತು, ಬೇಗನೆ ತಿದ್ದಿದರು. ತಪ್ಪಾದದ್ದು ಬೆರಳೆಣಿಕೆಯಷ್ಟು ಉಳಿದಿದೆ, ಬೆಲೆ ಲಕ್ಷಗಳಲ್ಲಿ. ತಿದ್ದಿದ್ದು ಬರೀ ಕಾಮನ್. ಶೆರಿ ಮಗೀಯ ಹೆಸರಿನ ಕಾಗುಣಿತ ತಪ್ಪಾದ ಕಾರ್ಡಿನದೂ ಇದೇ ಕಥೆ. ಬೆಲೆಯ ವ್ಯತ್ಯಾಸ ಒಂದೆರಡು ಅಕ್ಷರದ ಮೇಲೆ ನಿಂತಾಗ ಅಲ್ಲಿ ಅಕ್ಷರ ತಿದ್ದುವವರೂ ಹುಟ್ಟಿಕೊಳ್ಳುತ್ತಾರೆ ಅನ್ನುವುದು ನೆನಪಿರಲಿ.

ಹಿಂಬದಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಟಿ206ರ ಹಿಂದೆ 16 ಬ್ರ್ಯಾಂಡ್‌ಗಳ ಜಾಹೀರಾತು ಬರುತ್ತದೆ. ಪೀಡ್‌ಮಾಂಟ್ ಮತ್ತು ಸ್ವೀಟ್ ಕ್ಯಾಪೊರಲ್ ಎಲ್ಲೆಲ್ಲೂ ಸಿಗುತ್ತವೆ. ಡ್ರಮ್, ಉಜಿಟ್, ಬ್ರಾಡ್ ಲೀಫ್, ಲೆನಾಕ್ಸ್ ಸಿಗುವುದು ಕಷ್ಟ. 'ಹಿಂದು' ಅನ್ನುವ ಸಿಗರೇಟು ಬ್ರ್ಯಾಂಡೂ ಇದರಲ್ಲಿ ಇದೆ! ಕಂದು ಶಾಯಿಯ ಹಿಂದು ಆಗಾಗ ಕಣ್ಣಿಗೆ ಬೀಳುತ್ತದೆ, ಕೆಂಪು ಶಾಯಿಯದು ಅಪರೂಪ. ಮುಂದಿನ ಚಿತ್ರ ಅದೇ, ಆಟಗಾರ ಅದೇ, ಹಿಂಬದಿ ಬದಲಾದರೆ ಬೆಲೆ ಹಲವು ಪಟ್ಟು. ಮುಂಬದಿಯ ಫೋಟೋ ಮಾತ್ರ ಹಾಕಿರುವ ಮಾರಾಟಗಾರನಿಗೆ ಹಿಂಬದಿ ತೋರಿಸಲು ಕೇಳಿ.

ಒಂದು ಗೊಂದಲ ಬಗೆಹರಿಸಿಬಿಡೋಣ. ಅಪರೂಪ ಬೇರೆ, ದುಬಾರಿ ಬೇರೆ. 1952ರ ಮ್ಯಾಂಟಲ್ ಕಾರ್ಡಿನ ಸಂಖ್ಯೆ 311. ಆ ವರ್ಷದ 407 ಕಾರ್ಡುಗಳಲ್ಲಿ 311ರಿಂದ ಮುಂದಿನವು ತಡವಾಗಿ ಅಂಗಡಿಗೆ ಬಂದವು. ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು, ಮಾರಾಟ ಕಡಿಮೆಯಾಯಿತು. ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಅಂತ ಟಾಪ್ಸ್‌ನ ಸೈ ಬರ್ಗರ್ ತಾನೇ ಹೇಳಿಕೊಂಡಿದ್ದಾನೆ. ಆದರೆ ಆ ಸರಣಿಯಲ್ಲಿ ಮ್ಯಾಂಟಲ್ ಕಾರ್ಡು ಬೇರೆಯವರಿಗಿಂತ ಎರಡು ಪಟ್ಟು ಅಚ್ಚಾಗಿತ್ತು. ಅಂದರೆ ಅದೇ ಸರಣಿಯ ಎಷ್ಟೋ ಹೆಸರಿಲ್ಲದವರು ಅವನಿಗಿಂತ ಅಪರೂಪ. ಬೆಲೆ ಬಂದಿರುವುದು ಬೇಡಿಕೆಯಿಂದ. ಇತ್ತ ಓಲ್ಡ್ ಜಡ್ಜ್‌ನಲ್ಲಿ ಒಂದೆರಡೇ ಪ್ರತಿ ಉಳಿದಿರುವ ಭಂಗಿಗಳೂ ಉಂಟು. ಅವುಗಳ ಬೆಲೆ ಮ್ಯಾಂಟಲ್‌ನ ಹತ್ತಿರಕ್ಕೂ ಬರುವುದಿಲ್ಲ. ನಿಜವಾದ ಅಪರೂಪ ಬೇಕು, ದುಡ್ಡು ಮಿತಿಯಲ್ಲಿದೆ ಅನ್ನುವವರು ಅಲ್ಲಿ ಹುಡುಕಬೇಕು.

5. ಕತ್ತರಿ, ಬಣ್ಣ, ಚಹಾ: ಮೋಸದ ದಾರಿಗಳು

ಪೂರ್ತಿ ನಕಲಿಯನ್ನು ಹಿಡಿಯುವುದು ಸುಲಭ. ಚಹಾ ಅಥವಾ ಕಾಫಿಯಲ್ಲಿ ಅದ್ದಿ, ಮೂಲೆ ಉಜ್ಜಿ ಹಳೆಯದು ಮಾಡಿದ ಮರುಮುದ್ರಣ ಭೂತಗನ್ನಡಿಯ ಮುಂದೆ ನಿಲ್ಲುವುದಿಲ್ಲ. 1952ರ ಟಾಪ್ಸ್ ಅಂತ ತೋರಿಸುವ ಎಷ್ಟೋ ಕಾರ್ಡುಗಳು ಟಾಪ್ಸ್ ಕಂಪನಿಯೇ 1983ರಲ್ಲಿ ಮಾಡಿದ ಮರುಮುದ್ರಣ. ಅದಕ್ಕೆ ಭೂತಗನ್ನಡಿಯೂ ಬೇಡ. ಅಸಲಿ ಕಾರ್ಡು 66.7 ಮಿ.ಮೀ. ಅಗಲ, 95.3 ಮಿ.ಮೀ. ಉದ್ದ. 1983ರದು ಇಂದಿನ ಸಾಮಾನ್ಯ ಅಳತೆಯದು, ಕಣ್ಣಿಗೇ ಚಿಕ್ಕದು ಅಂತ ಗೊತ್ತಾಗುತ್ತದೆ.

ಕಷ್ಟ ಇರುವುದು ಅಸಲಿ ಕಾರ್ಡಿಗೆ ಮಾಡಿದ ರಿಪೇರಿಯಲ್ಲಿ. ಸವೆದ ಅಂಚನ್ನು ಅರ್ಧ ಮಿಲಿಮೀಟರ್ ಕತ್ತರಿಸಿದರೆ ಮೂಲೆ ಮತ್ತೆ ಚೂಪಾಗುತ್ತದೆ. 1971ರ ಟಾಪ್ಸ್‌ನ ಕಪ್ಪು ಅಂಚು ಚಕ್ಕೆ ಎದ್ದರೆ ಮಾರ್ಕರ್ ಪೆನ್ನಿನಿಂದ ತೀಡಿಬಿಡುತ್ತಾರೆ. ಮಡಿಕೆಯನ್ನು ಒತ್ತಿ ಚಪ್ಪಟೆ ಮಾಡುತ್ತಾರೆ. ತೆಳುವಾದ ಮೂಲೆಗೆ ರಟ್ಟಿನ ಪುಡಿ ಸೇರಿಸಿ ಕಟ್ಟುತ್ತಾರೆ. ಕತ್ತರಿಸಿದ್ದನ್ನು ಪತ್ತೆಹಚ್ಚಲು ಕಾರ್ಡನ್ನು ಅಡ್ಡಲಾಗಿ ಹಿಡಿದು ಅಂಚನ್ನೇ ನೋಡಿ. ನಾಲ್ಕು ಅಂಚುಗಳೂ ಒಂದೇ ಥರ ಹಳೆಯದಾಗಿರಬೇಕು. ಮೂರು ಅಂಚು ಕೊಳೆಯಾಗಿ ಮೆತ್ತಗಿದ್ದು ಒಂದು ಮಾತ್ರ ಬೆಳ್ಳಗೆ, ಬ್ಲೇಡಿನಂತೆ ಇದ್ದರೆ ಕೆಳಗಿಟ್ಟುಬಿಡಿ. ತೀಡಿದ ಬಣ್ಣ ಅಲ್ಟ್ರಾವೈಲೆಟ್ ಬೆಳಕಿನಲ್ಲಿ ಅನೇಕ ಸಲ ಬೇರೆಯಾಗಿ ಎದ್ದು ಕಾಣುತ್ತದೆ. ಮಡಿಕೆ ಹುಡುಕಲು ದೀಪದ ಕೆಳಗೆ ಕಾರ್ಡನ್ನು ನಿಧಾನ ಓರೆ ಮಾಡಿ.

ಇದರಲ್ಲಿ ದೊಡ್ಡವರೂ ಬಿದ್ದಿದ್ದಾರೆ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಪಾಲುದಾರ 1991ರಲ್ಲಿ 4,51,000 ಡಾಲರ್ ಕೊಟ್ಟು ಕೊಂಡ ವ್ಯಾಗ್ನರ್ ಕಾರ್ಡು ಜಗತ್ತಿನಲ್ಲೇ ಅತ್ಯುತ್ತಮ ಅಂತ ಹೆಸರಾಗಿತ್ತು. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಟ್ಟು ಡಬ್ಬಿಯಲ್ಲಿ ಮುಚ್ಚಿಕೊಡುವ ಗ್ರೇಡಿಂಗ್ ಕಂಪನಿ ಅದಕ್ಕೆ 10ಕ್ಕೆ 8 ಅಂಕ ಕೊಟ್ಟಿತ್ತು. 2007ರಲ್ಲಿ 28 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಆ ಕಾರ್ಡಿನ ಅಂಚು ಕತ್ತರಿಸಿದ್ದು ತಾನೇ ಅಂತ ಹರಾಜುಗಾರ ಬಿಲ್ ಮಾಸ್ಟ್ರೋ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಡಬ್ಬಿಯ ಮೇಲಿನ ಅಂಕಕ್ಕಿಂತ ನಿಮ್ಮ ಕಣ್ಣೂ ಒಂದು ಮಾತು ಹೇಳಬೇಕು ಅನ್ನುವುದು ಅದಕ್ಕೇ.

ಒಂದಕ್ಕೆ ಮಾತ್ರ ರಿಯಾಯಿತಿ ಇದೆ. ಹಳೇ ಆಲ್ಬಮ್‌ಗೆ ಅಂಟಿಸಿದ್ದ ತಂಬಾಕು ಕಾರ್ಡನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಬಿಡಿಸುವುದನ್ನು ಹೆಚ್ಚಿನ ಸಂಗ್ರಾಹಕರು ತಪ್ಪೆನ್ನುವುದಿಲ್ಲ. ನೀರು ಬಿಟ್ಟು ಬೇರೇನೂ ಬೆರೆಸಬಾರದು. ಅಗ್ಗದ ಕಾರ್ಡಿನ ಮೇಲೆ ಅಭ್ಯಾಸವಾಗದೆ ಇದನ್ನು ಮಾಡಬೇಡಿ. ಟಿ205 ಸೆಟ್‌ನ ಚಿನ್ನದ ಬಣ್ಣದ ಅಂಚಿನ ಕಾರ್ಡಿಗಂತೂ ಈ ಪ್ರಯೋಗ ಬೇಡವೇ ಬೇಡ.

6. ಗ್ರೇಡಿಂಗ್ ಅರ್ಥಮಾಡಿಕೊಳ್ಳಿ

ಗ್ರೇಡಿಂಗ್ ಕಂಪನಿಗೆ ಕಾರ್ಡು ಕಳಿಸಿದರೆ ಅವರು ಅಸಲಿಯೋ ಅಂತ ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಈ ಡಬ್ಬಿಗೆ 'ಸ್ಲ್ಯಾಬ್' ಅನ್ನುತ್ತಾರೆ. ಹಳೆಯ ಕಾರ್ಡಿಗೆ ಪಿಎಸ್‌ಎ ಮತ್ತು ಎಸ್‌ಜಿಸಿ ಹೆಚ್ಚು ನಡೆಯುವ ಹೆಸರುಗಳು. ಬೆಕೆಟ್ ಕೂಡ ಇದೆ. 2024ರಲ್ಲಿ ಪಿಎಸ್‌ಎಯ ಮಾತೃ ಕಂಪನಿ ಎಸ್‌ಜಿಸಿಯನ್ನೂ ಕೊಂಡುಕೊಂಡಿತು.

ಅಂಕ ತೀರ್ಮಾನವಾಗುವುದು ಮೂಲೆ, ಅಂಚು, ಮೇಲ್ಮೈ ಮತ್ತು ಸೆಂಟರಿಂಗ್ ನೋಡಿ. ಸೆಂಟರಿಂಗ್ ಅಂದರೆ ಚಿತ್ರ ಎಷ್ಟು ನಡುವೆ ಕೂತಿದೆ ಅನ್ನುವುದು. ಎಡ ಅಂಚು 3 ಮಿ.ಮೀ., ಬಲ ಅಂಚು 2 ಮಿ.ಮೀ. ಇದ್ದರೆ ಅದು 60/40. ಹಳೆಯ ಕಾರ್ಡುಗಳಲ್ಲಿ ಅಚ್ಚುಕಟ್ಟಾಗಿ ನಡುವೆ ಕೂತದ್ದು ಕಡಿಮೆ. ಕತ್ತರಿ, ಬಣ್ಣ ಬಿದ್ದದ್ದಕ್ಕೆ ಅಂಕ ಸಿಗುವುದಿಲ್ಲ, ಹೆಚ್ಚೆಂದರೆ 'ಅಥೆಂಟಿಕ್' ಅಂತ ಮುದ್ರೆ ಹಾಕಿ ಕಳಿಸುತ್ತಾರೆ. ಪಿಎಸ್‌ಎ ಅಂಕದ ಪಕ್ಕ ಓಸಿ ಅಂತ ಇದ್ದರೆ ಸೆಂಟರಿಂಗ್ ಕೆಟ್ಟಿದೆ, ಎಂಕೆ ಅಂದರೆ ಪೆನ್ನಿನ ಗುರುತು, ಎಸ್‌ಟಿ ಅಂದರೆ ಕಲೆ.

ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಕಾರ್ಡಿನಲ್ಲಿ ದೊಡ್ಡ ಅಂಕದ ಹಿಂದೆ ಓಡಬೇಡಿ. 7ರಿಂದ 8ಕ್ಕೆ, 8ರಿಂದ 9ಕ್ಕೆ ಹೋದಾಗ ಬೆಲೆ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಆ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದೂ ಕಷ್ಟ. ಒಂದೇ ಅಂಕದ ಎರಡು ಕಾರ್ಡುಗಳೂ ಒಂದೇ ಥರ ಇರುವುದಿಲ್ಲ. ಹಿಂಬದಿ ಸ್ವಲ್ಪ ಕಾಗದ ಕಿತ್ತು 1 ಅಂಕ ಪಡೆದ ಗೌಡಿ ಬೇಬ್ ರೂತ್, ಮುಂದಿನಿಂದ ನೋಡಿದರೆ ಬಣ್ಣ ತುಂಬಿ ತುಳುಕುತ್ತಿರಬಹುದು. ಪಕ್ಕದಲ್ಲಿರುವ 3 ಅಂಕದ್ದು ಮಂಕಾಗಿ, ವಾರೆಯಾಗಿ ಇರಬಹುದು. ನಾನಾದರೆ ಮೊದಲನೆಯದನ್ನೇ ಎತ್ತಿಕೊಳ್ಳುತ್ತೇನೆ. 'ಐ ಅಪೀಲ್', ಅಂದರೆ ಕಣ್ಣಿಗೆ ಹಿಡಿಸುವ ಗುಣ, ಅನ್ನುವ ಮಾತು ಸಂಗ್ರಾಹಕರ ಬಾಯಲ್ಲಿ ಸದಾ ಇರುವುದು ಇದಕ್ಕೇ.

ಸ್ಲ್ಯಾಬ್‌ಗಳೂ ನಕಲಿ ಬರುತ್ತವೆ. ಲೇಬಲ್ ಮೇಲಿನ ಸಂಖ್ಯೆಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಅಲ್ಲಿ ಫೋಟೋ ಇದ್ದರೆ ಕಾರ್ಡಿನ ಕಲೆ, ಅಂಚಿನ ಅಗಲ ಹೋಲಿಸಿ. ನೀವೇ ಕಳಿಸುವುದಾದರೆ ಮೊದಲು ಲೆಕ್ಕ ಹಾಕಿ. ಕಾರ್ಡಿನ ಬೆಲೆ ಏರಿದಂತೆ ಶುಲ್ಕವೂ ಏರುತ್ತದೆ. 20 ಡಾಲರ್‌ನ ಕಾಮನ್‌ಗೆ ಗ್ರೇಡಿಂಗ್ ಮಾಡಿಸಿದರೆ ಖರ್ಚೇ ಜಾಸ್ತಿ, ಅಲ್ವಾ?

7. ಬೆಲೆ ತಿಳಿಯುವುದು

ಮಾರಾಟಗಾರ ಕೇಳುವ ಬೆಲೆ ಬೆಲೆಯಲ್ಲ, ಮಾರಾಟವಾದದ್ದೇ ಬೆಲೆ. ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನೇ ನೋಡಿ. ಬೆಲೆಯ ಮೇಲೆ ಗೆರೆ ಎಳೆದಿದ್ದರೆ ಚೌಕಾಸಿಯಾಗಿ ಕಡಿಮೆಗೆ ಹೋಗಿದೆ ಅಂತ ಅರ್ಥ. ಪಿಎಸ್‌ಎ ವೆಬ್‌ಸೈಟಿನಲ್ಲಿ ಹರಾಜಿನ ಹಳೆಯ ಬೆಲೆಗಳೂ, ಯಾವ ಕಾರ್ಡಿಗೆ ಯಾವ ಅಂಕ ಎಷ್ಟು ಸಲ ಕೊಟ್ಟಿದ್ದಾರೆ ಅನ್ನುವ ಪಟ್ಟಿಯೂ ಸಿಗುತ್ತದೆ. ಆ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಜಾಸ್ತಿ ಅಂಕದ ಆಸೆಗೆ ಡಬ್ಬಿ ಒಡೆದು ಅದೇ ಕಾರ್ಡನ್ನು ಮತ್ತೆ ಮತ್ತೆ ಕಳಿಸುವವರು ಇರುವುದರಿಂದ ಒಂದೇ ಕಾರ್ಡು ಎರಡು ಮೂರು ಸಲ ಎಣಿಕೆಯಾಗಿರಬಹುದು. ಒಂದು ಮಾರಾಟ ನೋಡಿ ತೀರ್ಮಾನಕ್ಕೆ ಬರಬೇಡಿ, ಅದೇ ಅಂಕದ ಇತ್ತೀಚಿನ ನಾಲ್ಕೈದನ್ನು ಚಿತ್ರದ ಸಮೇತ ನೋಡಿ.

8. ಎಲ್ಲಿ ಕೊಳ್ಳಬೇಕು

ಕಲಿಯಲು ಕಾರ್ಡ್ ಶೋ, ಅಂದರೆ ವ್ಯಾಪಾರಿಗಳು ಕಾರ್ಡು ತಂದು ಮಾರುವ ಮೇಳ, ಒಳ್ಳೆಯದು. ಅಮೆರಿಕದ ಹೆಚ್ಚಿನ ದೊಡ್ಡ ಊರುಗಳಲ್ಲಿ ಹೋಟೆಲ್ ಸಭಾಂಗಣಗಳಲ್ಲಿ ಸಣ್ಣ ಶೋ ನಡೆಯುತ್ತಿರುತ್ತವೆ. ಎಲ್ಲಕ್ಕಿಂತ ದೊಡ್ಡದು 1980ರಿಂದ ಹೆಚ್ಚುಕಮ್ಮಿ ಪ್ರತಿ ವರ್ಷ ಬೇಸಿಗೆಯಲ್ಲಿ ನಡೆಯುವ ನ್ಯಾಷನಲ್ ಸ್ಪೋರ್ಟ್ಸ್ ಕಲೆಕ್ಟರ್ಸ್ ಕನ್ವೆನ್ಷನ್. ಅದು ಅನೇಕ ಸಲ ಶಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲೇ ಆಗಿದೆ, ಆ ಕಡೆಯ ಕನ್ನಡಿಗರಿಗೆ ಅನುಕೂಲ. ಚೀಟಿಯ ಮೇಲಿನ ಬೆಲೆ ಕೊನೆಯ ಬೆಲೆಯಲ್ಲ. ನಾಲ್ಕಾರು ಕಾರ್ಡು ಒಟ್ಟಿಗೆ ಎತ್ತಿಟ್ಟು, ನಗದು ಕೊಡುತ್ತೇನೆ, ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿ. ಕೆ.ಆರ್. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಬಂದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಕಾರ್ಡು ಮುಟ್ಟುವ ಮೊದಲು ಕೇಳಿ, ಅದು ಅಲ್ಲಿನ ಮರ್ಯಾದೆ.

ಹರಾಜಿಗೆ ಹೋಗುವುದಾದರೆ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ ಬೀಳುತ್ತದೆ. ಅದು ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸು. 1,000 ಡಾಲರ್‌ಗೆ ಕೂಗಿದರೆ 1,200 ಆಯಿತು, ಮೇಲೆ ಮಾರಾಟ ತೆರಿಗೆ, ಅಂಚೆ. ನಿಮ್ಮ ಮಿತಿಯನ್ನು ಇದೆಲ್ಲ ಸೇರಿಸಿಯೇ ಬರೆದಿಟ್ಟುಕೊಂಡು ಕೂತುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹಟಕ್ಕೆ ಬಿದ್ದು ಕೂಗುವಾಗ ಈ ಲೆಕ್ಕ ತಲೆಯಲ್ಲಿ ಉಳಿಯುವುದಿಲ್ಲ.

ಆನ್‌ಲೈನ್‌ನಲ್ಲಿ ಸ್ಲ್ಯಾಬ್ ಇಲ್ಲದ ದುಬಾರಿ ಕಾರ್ಡಿನಿಂದ ದೂರ ಇರಿ. "ತಾತನ ಅಟ್ಟದಲ್ಲಿ ಸಿಕ್ಕಿತು, ಅಸಲಿಯೋ ನನಗೆ ಗೊತ್ತಿಲ್ಲ, ವಾಪಸ್ ಇಲ್ಲ" ಅಂತ ಬರೆದಿದ್ದರೆ ಮುಂದೆ ಓದಬೇಡಿ. ಅಟ್ಟದಲ್ಲಿ ನಿಜಕ್ಕೂ ಸಿಕ್ಕಿದ್ದೂ ಉಂಟು. 2012ರಲ್ಲಿ ಒಹಾಯೋದ ಡಿಫೈಯನ್ಸ್ ಊರಿನ ಮನೆಯೊಂದರ ಅಟ್ಟದಲ್ಲಿ 1910ರ ಸುಮಾರಿನ ನೂರಾರು ಮಿಠಾಯಿ ಕಾರ್ಡುಗಳು ಹೊಸದರಂತೆ ಸಿಕ್ಕವು. ಆದರೆ ಅವರು ಅವನ್ನು ಇಬೇಯಲ್ಲಿ ಬಿಡಿ ಫೋಟೋ ಹಾಕಿ ಮಾರಲಿಲ್ಲ. ಗ್ರೇಡಿಂಗ್ ಮಾಡಿಸಿ ಹರಾಜಿಗೆ ಕಳಿಸಿದರು.

ಬೆಂಗಳೂರು, ಮೈಸೂರಿನಲ್ಲಿ ಕೂತು ಸಂಗ್ರಹಿಸುವವರು ಅಂಚೆ ಮತ್ತು ಕಸ್ಟಮ್ಸ್ ಖರ್ಚನ್ನು ಮೊದಲೇ ವಿಚಾರಿಸಿ. ಅಮೆರಿಕದಲ್ಲಿರುವ ನೆಂಟರ ವಿಳಾಸಕ್ಕೆ ತರಿಸಿ ಇಟ್ಟುಕೊಳ್ಳುವುದು ಹಲವರ ರೂಢಿ. ಊರಿಗೆ ತರುವಾಗ ಕಸ್ಟಮ್ಸ್ ನಿಯಮ ನೋಡಿಕೊಳ್ಳಿ.

9. ಕಾಪಾಡಿಕೊಳ್ಳುವುದು

ಕಾರ್ಡನ್ನು ಮೊದಲು ತೆಳುವಾದ ಮೃದು ಕವರಿಗೆ ಹಾಕಿ, ಆಮೇಲೆ 'ಟಾಪ್‌ಲೋಡರ್' ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವರಿಗೆ. ಟಿ206, 1952ರ ಟಾಪ್ಸ್, ಗೌಡಿ ಇವೆಲ್ಲ ಬೇರೆ ಬೇರೆ ಅಳತೆ. ಇಂದಿನ ಅಳತೆಯ ಕವರಿನಲ್ಲಿ ಸಣ್ಣ ಕಾರ್ಡು ಜಾರಾಡಿ ಮೂಲೆ ಬಡಿಯುತ್ತದೆ, ಹಾಗಾಗಿ ಅಳತೆ ಹೇಳಿ ಕೊಳ್ಳಿ. ಆಲ್ಬಮ್ ಹಾಳೆ ಪಿವಿಸಿಯದಾಗಿರಬಾರದು, ಅದು ಕಾಲಕ್ರಮೇಣ ಜಿಡ್ಡು ಬಿಡುತ್ತದೆ. ಸ್ಕ್ರೂ ಹಾಕಿ ಬಿಗಿಯುವ ಹಳೇ ಮಾದರಿಯ ಚೌಕಟ್ಟು ಕಾರ್ಡನ್ನು ಅಮುಕಿ ಚಪ್ಪಟೆ ಮಾಡುತ್ತದೆ, ಗ್ರೇಡಿಂಗ್‌ನವರು ಅದನ್ನೂ ತಿರಸ್ಕರಿಸಬಹುದು. ರಬ್ಬರ್ ಬ್ಯಾಂಡ್ ಹಾಕಬೇಡಿ. 1952ರ ಟಾಪ್ಸ್‌ನ 1ನೇ ಸಂಖ್ಯೆಯ ಆಂಡಿ ಪಾಫ್ಕೋ ಕಾರ್ಡು ಒಳ್ಳೆಯ ಸ್ಥಿತಿಯಲ್ಲಿ ಇಷ್ಟು ದುಬಾರಿ ಯಾಕೆ ಗೊತ್ತಾ? ಹುಡುಗರು ಕಾರ್ಡುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಎಲ್ಲರ ಮೇಲೆ ಕೂತ ಪಾಫ್ಕೋ ಎಲ್ಲ ಪೆಟ್ಟನ್ನೂ ತಿಂದ.

ಬಿಸಿಲು ಬೀಳದ, ತೇವ ಏರಿಳಿಯದ ಜಾಗ ಬೇಕು. ಅಮೆರಿಕದ ಮನೆಯಲ್ಲಿ ಬೇಸ್‌ಮೆಂಟೂ ಬೇಡ, ಅಟ್ಟವೂ ಬೇಡ, ಮಲಗುವ ಕೋಣೆಯ ಬೀರುವೇ ಸರಿ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ವಾರ ಸಾಕು. ಮುಚ್ಚಳ ಬಿಗಿಯಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವ ತೋರಿಸುವ ಸಣ್ಣ ಮೀಟರ್ ಇಡಿ, ಶೇಕಡಾ 50 ದಾಟದಂತೆ ನೋಡಿಕೊಳ್ಳಿ. ಕಾಗದ ತಿನ್ನುವ ಬೆಳ್ಳಿಹುಳಕ್ಕೂ ಇದೇ ಉಪಾಯ.

10. ಲೆಕ್ಕ, ವಿಮೆ, ಮಾರಾಟ

ಪ್ರತಿ ಕಾರ್ಡಿಗೂ ಒಂದು ಸಾಲು ಬರೆದಿಡಿ. ಯಾವ ಸೆಟ್, ಹಿಂಬದಿ ಯಾವುದು, ಎಲ್ಲಿ ಕೊಂಡದ್ದು, ಯಾವತ್ತು, ಎಷ್ಟಕ್ಕೆ. ಎರಡೂ ಬದಿಯ ಸ್ಕ್ಯಾನ್ ಇರಲಿ, ರಸೀದಿ ಎಸೆಯಬೇಡಿ. ಸಾಮಾನ್ಯ ಮನೆ ವಿಮೆಯಲ್ಲಿ ಇಂಥ ವಸ್ತುಗಳಿಗೆ ಅನೇಕ ಸಲ ಸಣ್ಣ ಮಿತಿ ಇರುತ್ತದೆ. ಸಂಗ್ರಹ ಬೆಳೆದರೆ ಅದಕ್ಕೇ ಬೇರೆ ವಿಮೆ ಮಾಡಿಸಿ, ಆಗ ಈ ಪಟ್ಟಿಯನ್ನೇ ಕೇಳುತ್ತಾರೆ.

ಅಮೆರಿಕದಲ್ಲಿ ತೆರಿಗೆ ಕಟ್ಟುವವರು ಗಮನಿಸಬೇಕಾದದ್ದು ಇನ್ನೊಂದಿದೆ. ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಲಾಭಕ್ಕೆ ಮಾರಿದರೆ ಇಂಥ ಸಂಗ್ರಹದ ವಸ್ತುಗಳ ಮೇಲಿನ ತೆರಿಗೆ ಶೇಕಡಾ 28ರವರೆಗೆ ಹೋಗಬಹುದು, ಷೇರಿನ ದರ ಇದಕ್ಕೆ ಅನ್ವಯಿಸುವುದಿಲ್ಲ. ಮಾರುವಾಗ ದುಬಾರಿಯದನ್ನು ಹರಾಜಿಗೆ, ನಡುವಿನದನ್ನು ಇಬೇಗೆ, ಕಾಮನ್‌ಗಳನ್ನು ಗುಂಪಾಗಿ ಶೋದಲ್ಲಿ ವ್ಯಾಪಾರಿಗೆ ಕೊಡುವುದು ವಾಡಿಕೆ. ವ್ಯಾಪಾರಿ ಪೂರ್ತಿ ಬೆಲೆ ಕೊಡುವುದಿಲ್ಲ, ಅವನೂ ಅದನ್ನು ಮಾರಿ ಬದುಕಬೇಕು. ಅಂಚೆಯಲ್ಲಿ ಕಳಿಸುವಾಗ ಟಾಪ್‌ಲೋಡರನ್ನು ಎರಡು ರಟ್ಟಿನ ನಡುವೆ ಇಟ್ಟು, ಟೇಪು ಕಾರ್ಡಿಗೆ ತಾಗದಂತೆ ಅಂಟಿಸಿ. ಟೇಪಿನ ತುದಿಯನ್ನು ಸ್ವಲ್ಪ ಮಡಚಿ ಬಿಟ್ಟರೆ ಕೊಂಡವರು ಬ್ಲೇಡು ಹಾಕದೆ ಬಿಚ್ಚಬಹುದು.